ಬಿಟ್ಟಿದ್ದೋ, ಬಿಡಿಸಿದ್ದೋ?

(ಹಾಸನದಲ್ಲಿ ಒಂದು ಭಾನುವಾರದ ಸಂಜೆ ‘ತ್ಯಾಗ: ಧರ್ಮ, ದರ್ಶನ, ಸಮಾಜ’ ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಮಾತ್ರ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ನಿರೂಪಣೆ ಮಾಡಿದವರು ಈಗಷ್ಟೇ ‘ತಮ್ಮ ಅಮೂಲ್ಯವಾದ ಭಾನುವಾರವನ್ನು ತ್ಯಾಗ ಮಾಡಿ ಬಂದಿರುವ’ ಎಂದು ನಿಮ್ಮನ್ನೂ ನನ್ನನ್ನೂ ಒಟ್ಟಿಗೆ ಹೊಗಳಿದರು. ನನ್ನ ಮಟ್ಟಿಗೆ ಅದು ಶುದ್ಧ ಸುಳ್ಳು. ಮನೆಯಲ್ಲಿ ಇದ್ದಿದ್ದರೆ ಅಟ್ಟದ ಮೇಲಿನ ಹಳೇ ಪೇಪರು ಕಟ್ಟುವ ಕೆಲಸ ಕಾದಿತ್ತು, ತಪ್ಪಿಸಿಕೊಂಡು ಬಂದಿದ್ದೇನೆ. ನಿಮ್ಮಲ್ಲೂ ಅಂಥವರು ಇರಬಹುದು, ಕೈ ಎತ್ತಿ ಎಂದು ಕೇಳುವುದಿಲ್ಲ. ಆದರೆ ಆ ಮಾತು ನನಗೆ ಒಳ್ಳೆಯ ದಾರಿ ತೋರಿಸಿತು. ತ್ಯಾಗ ಅನ್ನುವ ಪದ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ನೋಡಿ, ಅದರಲ್ಲೂ ಇನ್ನೊಬ್ಬರ ವಿಷಯದಲ್ಲಿ! ನನ್ನ ತ್ಯಾಗದ ಬಗ್ಗೆ ನಾನೇ ಹೇಳಿಕೊಂಡರೆ ಜನ ನಗುತ್ತಾರೆ. ನಿಮ್ಮ ತ್ಯಾಗವನ್ನು ನಾನು ಮೈಕಿನ ಮುಂದೆ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದರ ಸುತ್ತಲೇ ಇವತ್ತು ನನ್ನ ಮಾತು.

ನಮ್ಮಜ್ಜಿಯ ವಿಷಯದಿಂದ ಶುರು ಮಾಡುತ್ತೇನೆ. ಹನ್ನೊಂದು ಜನರ ಮನೆ. ಎಲ್ಲರೂ ಉಂಡ ಮೇಲೆ ಅಡುಗೆಮನೆಯ ಕತ್ತಲೆಯಲ್ಲಿ ಕೂತು ಅವಳು ಉಣ್ಣುತ್ತಿದ್ದಳು. ಎಷ್ಟೋ ದಿನ ಅರ್ಧ ಮುದ್ದೆ, ಸಾರಿನ ತಳ. ನಾನು ಕಾಲೇಜಿಗೆ ಸೇರಿ ನಾಲ್ಕು ಪುಸ್ತಕ ಓದಿದ ಮೇಲೆ ಒಂದು ರಜೆಯಲ್ಲಿ ಅವಳ ಮುಂದೆ ಕೂತು, “ಅಜ್ಜಿ, ನೀನು ನಮಗೋಸ್ಕರ ಎಷ್ಟೊಂದು ತ್ಯಾಗ ಮಾಡಿದೀಯ” ಎಂದೆ. ಕಣ್ಣಲ್ಲಿ ನೀರು ಬರುತ್ತದೆ, ತಲೆ ಸವರುತ್ತಾಳೆ ಅಂತ ನನ್ನ ಲೆಕ್ಕ. ಅವಳು ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ. “ತ್ಯಾಗ ಎಂಥದೋ? ಉಳಿದಿರ್ಲಿಲ್ಲ ಕಣೋ” ಎಂದಳು.

ಉಳಿದಿರಲಿಲ್ಲ, ಅಷ್ಟೇ. ಆ ಎರಡಕ್ಷರದ ಸಂಸ್ಕೃತ ಪದವನ್ನು ಅವಳ ಕೊರಳಿಗೆ ಹಾರದಂತೆ ಹಾಕಲು ಹೋದವನು ನಾನು. ಅವಳು ತೆಗೆದು ಪಕ್ಕಕ್ಕಿಟ್ಟಳು.

ಸಂಸ್ಕೃತದ ‘ತ್ಯಜ್’ ಅಂದರೆ ನಮ್ಮ ‘ಬಿಡು’. ಕನ್ನಡದಲ್ಲಿ ಒಂದು ಸೌಕರ್ಯವಿದೆ. ಒಂದು ‘ಇಸು’ ಸೇರಿಸಿದರೆ ಸಾಕು, ಕೆಲಸದ ಒಡೆಯನೇ ಬದಲಾಗುತ್ತಾನೆ. ಬಿಟ್ಟ, ಬಿಡಿಸಿದ. ಕೊಟ್ಟ, ಕೊಡಿಸಿದ. ‘ಮನೆ ಬಿಟ್ಟರು’ ಅನ್ನುವುದಕ್ಕೂ ‘ಮನೆ ಬಿಡಿಸಿದರು’ ಅನ್ನುವುದಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. ತ್ಯಾಗ ಅನ್ನುವ ಪದದ ತೊಂದರೆ ಏನೆಂದರೆ, ಅದರೊಳಗೆ ಈ ಎರಡೂ ಅಡಗಿ ಕೂರಬಲ್ಲವು. ಬಿಡಿಸಿದವನೇ ಬಂದು ‘ನೀವು ತ್ಯಾಗ ಮಾಡಿದಿರಿ’ ಅಂದಾಗ ‘ಇಸು’ ಮಾಯವಾಗುತ್ತದೆ.

ಹಳೆಯ ಕಾಲದವರಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು. ಯಾಗ ಅಂದರೇನು ಎಂಬ ಪ್ರಶ್ನೆಗೆ ಯಾಗವಿಧಿಗಳ ಹಳೆಯ ಗ್ರಂಥ ಕಾತ್ಯಾಯನ ಶ್ರೌತಸೂತ್ರ ಮೂರೇ ಪದಗಳಲ್ಲಿ ಉತ್ತರ ಕೊಡುತ್ತದೆ: ದ್ರವ್ಯ, ದೇವತೆ, ತ್ಯಾಗ. ಒಂದು ವಸ್ತು ಬೇಕು, ಯಾರಿಗೆಂಬುದು ಬೇಕು, ಬಿಡುವುದು ಬೇಕು. ಬೆಂಕಿ, ಹೊಗೆ, ಮಂತ್ರ ಎಲ್ಲ ಆಮೇಲಿನದು. ಈ ಬಿಡುವ ಕ್ರಿಯೆ ನಡೆಯುವ ರೀತಿ ನೋಡಿ. ತುಪ್ಪ ಹುಯ್ಯುವವನು ಋತ್ವಿಜ. ಆದರೆ ‘ಅಗ್ನಯ ಇದಂ, ನ ಮಮ’, ಇದು ಅಗ್ನಿಯದು, ನನ್ನದಲ್ಲ, ಎಂದು ಹೇಳಬೇಕಾದವನು ಯಜಮಾನ. ತುಪ್ಪ ಯಾರದೋ ಅವನು. ಹುಯ್ಯುವ ಕೆಲಸವನ್ನು ಪುರೋಹಿತರಿಗೆ ವಹಿಸಬಹುದು, ದಕ್ಷಿಣೆ ಕೊಟ್ಟು ಹದಿನಾರು ಜನರನ್ನು ಕೂರಿಸಬಹುದು. ‘ನನ್ನದಲ್ಲ’ ಅನ್ನುವ ಮಾತನ್ನು ಮಾತ್ರ ಬೇರೆಯವರ ಬಾಯಲ್ಲಿ ಹೇಳಿಸುವಂತಿಲ್ಲ. ನಿನ್ನದನ್ನು ನಾನು ‘ನನ್ನದಲ್ಲ’ ಅಂದರೆ ಅದರಲ್ಲೇನು ಹೆಚ್ಚುಗಾರಿಕೆ? ಅದು ಹೇಗೂ ನನ್ನದಲ್ಲವಲ್ಲ. ಇದಕ್ಕೆ ನಮ್ಮ ಜನ ಬೇರೆ ಗಾದೆಯನ್ನೇ ಮಾಡಿಟ್ಟಿದ್ದಾರೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಕಠೋಪನಿಷತ್ತು ಶುರುವಾಗುವುದೇ ಇಂಥ ಒಂದು ಮೋಸದಿಂದ. ವಾಜಶ್ರವಸ ಇದ್ದುದನ್ನೆಲ್ಲ ಕೊಟ್ಟುಬಿಡುವ ಯಾಗಕ್ಕೆ ಕೂತಿದ್ದಾನೆ. ದಾನದ ಹಸುಗಳು ಸಾಲಾಗಿ ಬರುತ್ತಿವೆ. ಮಗ ನಚಿಕೇತ ನಿಂತು ನೋಡುತ್ತಾನೆ. ಕುಡಿಯುವ ನೀರು ಕುಡಿದಾಗಿದೆ, ಮೇಯುವ ಹುಲ್ಲು ಮೇದಾಗಿದೆ, ಹಾಲು ಕರೆದು ಮುಗಿದಿದೆ, ಇನ್ನು ಕರು ಹಾಕುವ ಶಕ್ತಿಯೂ ಇಲ್ಲ, ಅಂಥ ಹಸುಗಳು. ಹಾಸನದ ಸುತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೇರಿಗೆ ಹಾಲು ಹಾಕುವ ಯಾವ ಮನೆಯಲ್ಲಾದರೂ ಕೇಳಿ, ಗೊಡ್ಡು ಬಿದ್ದ ಹಸು ಕೊಡುವುದು ಏನನ್ನು ಕೊಟ್ಟಂತೆ ಎಂದು ಹೇಳುತ್ತಾರೆ. ಹುಡುಗನಿಗೆ ನಾಚಿಕೆಯಾಗುತ್ತದೆ. “ಅಪ್ಪ, ನನ್ನನ್ನು ಯಾರಿಗೆ ಕೊಡುತ್ತೀ?” ಎಂದು ಮೂರು ಸಲ ಕೇಳುತ್ತಾನೆ. ಅಪ್ಪ ಸಿಟ್ಟಿನಲ್ಲಿ “ಯಮನಿಗೆ” ಅನ್ನುತ್ತಾನೆ. ಮುಂದಿನ ತತ್ವವೆಲ್ಲ, ಆತ್ಮ, ಶ್ರೇಯಸ್ಸು, ಪ್ರೇಯಸ್ಸು, ಎಲ್ಲವೂ ಈ ಗೊಡ್ಡು ಹಸುಗಳ ದೆಸೆಯಿಂದ ಹುಟ್ಟಿದ್ದು. ಸುಳ್ಳು ತ್ಯಾಗವನ್ನು ಕಂಡು ಒಬ್ಬ ಹುಡುಗ ಸುಮ್ಮನಿರಲಾರದೆ ಹೋದ, ಅಷ್ಟರಿಂದ ಒಂದು ಉಪನಿಷತ್ತು.

ಇನ್ನೊಂದು ಕಥೆ ಇದಕ್ಕಿಂತ ಕಠೋರ. ಹರಿಶ್ಚಂದ್ರ ಅಂದಕೂಡಲೇ ನಮಗೆ ಸ್ಮಶಾನ, ಚಂದ್ರಮತಿ, ಲೋಹಿತಾಶ್ವ. ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣ ಎಂಬ ಗ್ರಂಥದ ಹರಿಶ್ಚಂದ್ರ ಬೇರೆ. ಮಗ ಹುಟ್ಟಿದರೆ ಅವನನ್ನೇ ನಿನಗೆ ಬಲಿ ಕೊಡುತ್ತೇನೆಂದು ವರುಣನಿಗೆ ಹರಕೆ ಹೊತ್ತವನು. ಮಗ ಹುಟ್ಟಿದ ಮೇಲೆ ಇವತ್ತು ನಾಳೆ ಎಂದು ಸಾಲಗಾರನ ಹಾಗೆ ಮುಂದೂಡುತ್ತಾನೆ. ಹಲ್ಲು ಬರಲಿ, ಹಲ್ಲು ಬೀಳಲಿ, ಮತ್ತೆ ಹುಟ್ಟಲಿ, ಆಯುಧ ಹಿಡಿಯುವಂತಾಗಲಿ. ಕೊನೆಗೆ ಮಗ ರೋಹಿತ ಕಾಡಿಗೆ ಓಡಿಹೋಗುತ್ತಾನೆ, ಅಲ್ಲಿ ಬಡ ಬ್ರಾಹ್ಮಣ ಅಜೀಗರ್ತನ ಮಗನನ್ನು ತನ್ನ ಬದಲಿಗೆ ನೂರು ಹಸುಗಳಿಗೆ ಕೊಳ್ಳುತ್ತಾನೆ. ಮೂರು ಮಕ್ಕಳಲ್ಲಿ ದೊಡ್ಡವನನ್ನು ಅಪ್ಪ ಬಿಡುವುದಿಲ್ಲ, ಚಿಕ್ಕವನನ್ನು ಅಮ್ಮ ಬಿಡುವುದಿಲ್ಲ. ನಡುವಿನವನು ಶುನಃಶೇಪ ಸಿಕ್ಕಿಬೀಳುತ್ತಾನೆ. ಅವನನ್ನು ಕಂಬಕ್ಕೆ ಕಟ್ಟಲು ಯಾರೂ ಒಪ್ಪದಿದ್ದಾಗ ಅಜೀಗರ್ತ ಇನ್ನೂ ನೂರು ಹಸು ಕೊಡಿ, ನಾನೇ ಕಟ್ಟುತ್ತೇನೆ ಅನ್ನುತ್ತಾನೆ. ಕಡಿಯಲು ಯಾರೂ ಒಪ್ಪದಿದ್ದಾಗ ಮತ್ತೂ ನೂರು. ಮುನ್ನೂರು ಹಸುಗಳ ಈ ಲೆಕ್ಕವನ್ನು ಬರೆದಿಟ್ಟವರು ಯಾಗದ ವಿರೋಧಿಗಳಲ್ಲ, ಯಾಗ ಮಾಡುವವರೇ. ಹುಡುಗ ದೇವತೆಗಳನ್ನು ಒಬ್ಬೊಬ್ಬರಾಗಿ ಸ್ತುತಿಸಿ ಕಟ್ಟು ಬಿಚ್ಚಿಸಿಕೊಳ್ಳುತ್ತಾನೆ. ಆಮೇಲೆ ಅಪ್ಪ “ಬಾ ಮಗನೆ” ಅಂದರೆ ಹೋಗುವುದಿಲ್ಲ, ವಿಶ್ವಾಮಿತ್ರನ ಮಗನಾಗುತ್ತಾನೆ. ನನಗೆ ಇಡೀ ಕಥೆಯಲ್ಲಿ ತುಂಬ ಹಿಡಿಸಿದ್ದು ಈ ಕಡೆಯ ಭಾಗ.

ಇದೇ ಜಾಗದಲ್ಲಿ ಇಬ್ರಾಹಿಮರ ಕಥೆಯೂ ನಿಂತಿದೆ. ಬೈಬಲಿನ ಆದಿಕಾಂಡದಲ್ಲಿ ಅವರ ಹೆಸರು ಅಬ್ರಹಾಮ. ದೇವರ ಅಪ್ಪಣೆಯಂತೆ ಬಲಿ ಕೊಡಲು ಮಗ ಇಸಾಕನನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. “ಬೆಂಕಿ ಇದೆ, ಸೌದೆ ಇದೆ, ಕುರಿ ಎಲ್ಲಪ್ಪ?” ಎಂದು ಹುಡುಗ ಕೇಳುತ್ತಾನೆ. ದೇವರು ಒದಗಿಸುತ್ತಾನೆ ಎಂಬಷ್ಟೇ ಉತ್ತರ. ಕುರಾನಿನ 37ನೇ ಅಧ್ಯಾಯದಲ್ಲಿ ಒಂದು ಸಣ್ಣ ವ್ಯತ್ಯಾಸವಿದೆ. ಇಬ್ರಾಹಿಮ್ ಮಗನಿಗೆ ಬಲಿಯ ಕನಸನ್ನು ಹೇಳಿ, “ನೀನೇನು ಅನ್ನುತ್ತೀ?” ಎಂದು ಕೇಳುತ್ತಾರೆ. ಮಗ ಒಪ್ಪಿಕೊಳ್ಳುತ್ತಾನೆ. ಎರಡೂ ಕಡೆ ಕತ್ತಿ ಮಗನ ಮೇಲೆ ಇಳಿಯುವುದಿಲ್ಲ. ಆದರೆ ಕೇಳಿದ್ದಕ್ಕೂ ಕೇಳದೆ ಇದ್ದದ್ದಕ್ಕೂ ನಡುವೆ ಏನೋ ದೊಡ್ಡದು ಬದಲಾಯಿತು ಎಂದು ನನಗನ್ನಿಸುತ್ತದೆ. ಬಕ್ರೀದಿನ ಮಾಂಸ, ರಕ್ತ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಭಯಭಕ್ತಿ ಎಂಬ ಮಾತೂ ಅದೇ ಗ್ರಂಥದ 22ನೇ ಅಧ್ಯಾಯದಲ್ಲಿದೆ. ಈ ಅಬ್ರಹಾಮನನ್ನು ಯೂರೋಪಿನ ದಾರ್ಶನಿಕರು ಬಿಟ್ಟೂ ಬಿಡದೆ ಕೆದಕಿದರು. ಕೀರ್ಕೆಗಾರ್ಡ್ 1843ರಲ್ಲಿ, ಇಲ್ಲಿ ನಂಬಿಕೆ ನೀತಿಯನ್ನೇ ದಾಟಿ ನಿಲ್ಲುತ್ತದೆ ಎಂದು ಬೆರಗಾಗಿ ಬರೆದ. ಅದಕ್ಕೂ ಮೊದಲೇ, 1798ರಲ್ಲಿ, ಕಾಂಟ್ ಒಂದು ಅಡಿಟಿಪ್ಪಣಿಯಲ್ಲಿ ವಿಷಯ ಮುಗಿಸಿಬಿಟ್ಟಿದ್ದ. ಅಬ್ರಹಾಮ ಆ ದನಿಗೆ ಹೀಗೆ ಹೇಳಬೇಕಿತ್ತಂತೆ: ನನ್ನ ಮಗನನ್ನು ಕೊಲ್ಲಬಾರದು ಎಂಬುದು ನನಗೆ ಖಚಿತ, ನೀನು ದೇವರು ಎಂಬುದು ಅಷ್ಟು ಖಚಿತವಲ್ಲ. ಕೀರ್ಕೆಗಾರ್ಡನ ಆಳ ದೊಡ್ಡದಿರಬಹುದು. ಮಕ್ಕಳನ್ನು ನೋಡಿಕೊಳ್ಳಲು ಬಿಟ್ಟುಹೋಗಬೇಕಾದರೆ ನಾನು ಕಾಂಟನ ಮನೆಯಲ್ಲಿ ಬಿಡುತ್ತೇನೆ.

ಸರಿ, ದೂರದ ಕಥೆ ಸಾಕು. ನಮ್ಮ ಜಿಲ್ಲೆಗೆ ಬರೋಣ.

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆಗೆಯುವ ದಿನ ಮೊದಲು ಬಾಳೆಕಂದು ಕಡಿಯುತ್ತಾರೆ. ನೀವೆಲ್ಲ ನೋಡಿದ್ದೀರಿ, ಇಲ್ಲವೇ ಟಿವಿಯಲ್ಲಾದರೂ. ಆ ಕತ್ತಿ, ಆ ಒಂದೇ ಏಟು, ಜನರ ಉದ್ಗಾರ. ಕತ್ತಿ ಬೀಳುವ ವೇಗ ನೋಡಿದರೆ ಅದು ಬಾಳೆಗಾಗಿ ಮಾಡಿದ ಅಭ್ಯಾಸ ಅನ್ನಿಸುವುದಿಲ್ಲ. ಇದು ನನ್ನ ಊಹೆ, ಶಾಸ್ತ್ರ ಬಲ್ಲವರು ತಿದ್ದಬಹುದು. ಆಯುಧಪೂಜೆಯಲ್ಲಿ ಕುಂಕುಮ ತುಂಬಿ ಒಡೆಯುವ ಬೂದುಗುಂಬಳವಂತೂ ಊಹೆಯೇ ಬೇಡ, ಒಳಗಿನ ಕೆಂಪೇ ಎಲ್ಲವನ್ನೂ ಹೇಳುತ್ತದೆ. (ಅದನ್ನು ರಸ್ತೆಯಲ್ಲೇ ಬಿಟ್ಟುಹೋಗಿ, ಮಾರನೇ ಬೆಳಿಗ್ಗೆ ಸ್ಕೂಟರಿನವರು ಜಾರಿ ಬಿದ್ದಾಗ ನಿಜವಾದ ಬಲಿಯೂ ಆಗುತ್ತದೆ. ದಯವಿಟ್ಟು ಹೋಳುಗಳನ್ನು ಬದಿಗೆ ಹಾಕಿ.) 1959ರ ನಮ್ಮ ರಾಜ್ಯದ ಪ್ರಾಣಿಬಲಿ ತಡೆ ಕಾಯ್ದೆಗೆ ಎಷ್ಟೋ ಮೊದಲೇ ಜನ ತಾವಾಗಿ ಕಂಡುಕೊಂಡ ದಾರಿ ಇದು. ಕುರಿಯ ಬದಲು ಕುಂಬಳ.

ಈ ಬದಲಿಯನ್ನೂ ಒಪ್ಪದವನೊಬ್ಬ ಕವಿ ಇದ್ದ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಸ್ಥಾನದ ಜನ್ನ. 1209ರಲ್ಲಿ ಅವನು ಬರೆದ ಯಶೋಧರ ಚರಿತೆಯಲ್ಲಿ ರಾಜನಿಗೆ ಕೆಟ್ಟ ಕನಸು, ತಾಯಿಗೆ ದೇವಿಗೆ ಬಲಿ ಕೊಡಲೇಬೇಕೆಂಬ ಹಟ, ಮಗನಿಗೆ ಕೊಲ್ಲಬಾರದೆಂಬ ಧರ್ಮ. ಕೊನೆಗೆ ರಾಜಿ: ಹಿಟ್ಟಿನ ಕೋಳಿ ಮಾಡಿ ಕಡಿಯುವುದು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತಂತೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಮನಸ್ಸು ನಿಜ, ಆದ್ದರಿಂದ ಪಾಪ ನಿಜ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಕೊಲೆಯಾಗುತ್ತಾರೆ. ಕಾವ್ಯವಾಗಿ ಅದ್ಭುತ. ನ್ಯಾಯವಾಗಿ ನನಗೆ ಸ್ವಲ್ಪ ತಕರಾರಿದೆ. ಕುಂಬಳದ ಪರ ನಾನು. ಆದರೆ ಜನ್ನನ ಕಣ್ಣು ಎಲ್ಲಿತ್ತು ನೋಡಿ, ಬಲಿಯಾಗುವ ವಸ್ತುವಿನ ಮೇಲಲ್ಲ, ಕಡಿಯುವವನ ಒಳಗೆ.

ಆ ಕಾವ್ಯ ಹುಟ್ಟಿ ಹನ್ನೊಂದು ವರ್ಷಕ್ಕೆ, 1220ರಲ್ಲಿ, ಅದೇ ವೀರಬಲ್ಲಾಳ ತೀರಿಕೊಂಡ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ಗುಡಿಯ ಗೋಡೆಯ ಆನೆಸಾಲು ನೋಡಿ, ಫೋಟೋ ತೆಗೆದು, ಎಳನೀರು ಕುಡಿದು ವಾಪಸಾಗುತ್ತಾರೆ. ಮುಂದಿನ ಸಲ ಗುಡಿಯ ಆವರಣದಲ್ಲಿರುವ ಗರುಡಗಂಬದ ಹತ್ತಿರ ಎರಡು ನಿಮಿಷ ನಿಲ್ಲಿ. ಕಂಬದ ಸುತ್ತ ಕೆತ್ತಿರುವ ಮನುಷ್ಯರನ್ನು ನೋಡಿ. ಕೈಯಲ್ಲಿ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ದಂಡನಾಯಕ ಕುವರ ಲಕ್ಷ್ಮನ ಕಂಬ ಅದು. ಅವನು ರಾಜನ ‘ಗರುಡ’, ಅಂದರೆ ಒಡೆಯ ಹೋದ ಮೇಲೆ ತಾನು ಇರುವುದಿಲ್ಲವೆಂದು ಆಣೆ ಇಟ್ಟವನು. ಶಾಸನದ ಪ್ರಕಾರ ಅವನು, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ವೀರರು.

ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಎರಡನೇ ಸಲ ಹೋದಾಗ ಆ ಸಾವಿರದ ಬಗ್ಗೆ ಯೋಚನೆ ಹತ್ತಿತು. ಲಕ್ಷ್ಮ ಆಣೆ ಇಟ್ಟಿದ್ದ, ಒಪ್ಪೋಣ. ರಾಜನ ಉಪ್ಪುಂಡಿದ್ದ, ಅವನಿಗೆ ಅದು ಸಹಜವಾಗಿ ಕಂಡಿರಬಹುದು. ಆ ಸಾವಿರ ಜನರಲ್ಲಿ ಎಲ್ಲರೂ ಬೆಳಿಗ್ಗೆ ಎದ್ದು ಒಂದೇ ಮನಸ್ಸಿನಿಂದ ಹೊರಟವರೇ? ಒಬ್ಬನಿಗಾದರೂ ಹೊಲದಲ್ಲಿ ಕಟಾವಿಗೆ ಬಂದ ರಾಗಿ ನೆನಪಾಗಲಿಲ್ಲವೇ? ಹಿಂದೆ ಸರಿದರೆ ಪಕ್ಕದವನು ಏನಂದುಕೊಂಡಾನು ಎಂದು ನಿಂತವರು ಎಷ್ಟು? ಕಂಬ ಹೇಳುವುದಿಲ್ಲ. ಕಂಬಗಳಿಗೆ ಆ ಪ್ರಶ್ನೆ ಬರುವುದಿಲ್ಲ. ಗಂಡನ ಚಿತೆಯೇರಿದ ಹೆಂಗಸರ ನೆನಪಿಗೆ ನಿಲ್ಲಿಸಿದ ನಮ್ಮ ಹಳ್ಳಿಗಳ ಮಾಸ್ತಿಕಲ್ಲುಗಳ ಮುಂದೆಯೂ ಹೀಗೇ. ಬಳೆ ತೊಟ್ಟ ಒಂದು ತೋಳು ಕಲ್ಲಿನಿಂದ ಮೇಲೆದ್ದಿರುತ್ತದೆ. ಆ ಕೈ ಹರಸುತ್ತಿದೆ ಎನ್ನುತ್ತಾರೆ. ಬೇಡ ಅನ್ನುತ್ತಿರಬಹುದು ಎಂದು ಕೇಳಿಸಿಕೊಂಡವರು ಕಡಿಮೆ.

ಹಾಗಂತ ಹಿಂದಿನವರನ್ನು ಬೈದು ಕೈ ತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಒಂದು ವಿಷಯದಲ್ಲಿ ಅವರು ನಮಗಿಂತ ಪ್ರಾಮಾಣಿಕರು. ವೀರಗಲ್ಲಿನ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಪದ ಬರುತ್ತದೆ. ಎಂಥ ಪದ! ಊರಿಗಾಗಿ, ತುರುವಿಗಾಗಿ ಕಾದಾಡಿ ಸತ್ತವನ ಮನೆಯವರಿಗೆ ಬಿಟ್ಟುಕೊಡುವ ಭೂಮಿ. ನೆತ್ತರು ಹೋಯಿತು, ಬದಲಿಗೆ ಇಷ್ಟು ಗದ್ದೆ, ಇಂಥ ಗಡಿ, ಇದನ್ನು ಕೆಡಿಸಿದವರಿಗೆ ಇಂಥ ಪಾಪ. ಕಲ್ಲಿನಲ್ಲಿ ಬರೆದುಕೊಟ್ಟ ಲೆಕ್ಕ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಕಲ್ಲನ್ನು ಕನ್ನಡದ ಮೊದಲ ಶಾಸನವೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದರಲ್ಲಿ ಇರುವುದೇನು? ಯುದ್ಧದಲ್ಲಿ ಕಾದಿದ ವಿಜ ಅರಸನಿಗೆ ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆದು ಕೊಟ್ಟ ಕೊಡುಗೆಯಾಗಿ, ಎರಡು ಹಳ್ಳಿ. ಕನ್ನಡ ಕಲ್ಲಿನ ಮೇಲೆ ಬಾಯಿಬಿಟ್ಟಾಗ ಆಡಿದ ಮೊದಲ ಮಾತುಗಳಲ್ಲಿ ಇದೂ ಒಂದು: ನಿನ್ನಿಂದ ಪಡೆದಿದ್ದೇವೆ, ಆದ್ದರಿಂದ ಕೊಡಬೇಕಾಗಿದೆ. ಪಡೆದವನ ಬಾಯಲ್ಲಿ ಇರಬೇಕಾದ ಪದ ‘ತ್ಯಾಗ’ ಅಲ್ಲ, ‘ಸಾಲ’.

ಕೊಡುವವನ ಕಡೆಯ ಮಾತನ್ನು ಶ್ರವಣಬೆಳಗೊಳ ಹೇಳುತ್ತದೆ. ಬಾಹುಬಲಿಯ ಕಥೆಯಲ್ಲಿ ಅರ್ಧ ಎಲ್ಲರಿಗೂ ಗೊತ್ತು. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಎತ್ತಿದವನನ್ನು ನೆಲಕ್ಕೆ ಬಡಿಯದೆ ಇಳಿಸಿ, ಗೆದ್ದ ರಾಜ್ಯವನ್ನೇ ಬಿಟ್ಟು ಹೋದ. ಸೋತು ಬಿಡುವುದಲ್ಲ, ಗೆದ್ದು ಬಿಡುವುದು. ಉಳಿದರ್ಧ ನನಗೆ ಹೆಚ್ಚು ಇಷ್ಟ. ವರ್ಷವಿಡೀ ನಿಂತ. ಕಾಲಿಗೆ ಹುತ್ತ, ತೋಳಿಗೆ ಬಳ್ಳಿ. ಆದರೂ ಕೇವಲಜ್ಞಾನ, ಅಂದರೆ ಜೈನರು ಹೇಳುವ ಪೂರ್ಣಜ್ಞಾನ, ಬರಲಿಲ್ಲ. ಏಕೆಂದರೆ, ನಮ್ಮ ಕಡೆ ಹೇಳುವಂತೆ, ಒಂದು ಮುಳ್ಳು ಉಳಿದಿತ್ತು: ನಾನು ನಿಂತಿರುವ ನೆಲವೂ ಭರತನದೇ ಅಲ್ಲವೇ! ಬಿಟ್ಟದ್ದನ್ನು ಇನ್ನೂ ಮನಸ್ಸಿನಲ್ಲಿ ಅಳೆಯುತ್ತಿದ್ದ. ಭರತ ಬಂದು ತಲೆಬಾಗಿದ ಮೇಲೆ ಆ ಮುಳ್ಳು ಹೋಯಿತು. ಬಿಟ್ಟೆ ಎಂಬ ನೆನಪನ್ನು ಬಿಡುವುದು ರಾಜ್ಯ ಬಿಡುವುದಕ್ಕಿಂತ ಕಷ್ಟವಾಯಿತು. ಬಸವಣ್ಣ ಇದನ್ನೇ ಬೇರೆ ದಾರಿಯಿಂದ ಬಂದು ಹೇಳುತ್ತಾರೆ: ಮಾಡಿದೆನೆಂಬುದು ಮನದಲ್ಲಿ ಹೊಳೆದರೆ ಏಡಿಸಿ ಕಾಡುವುದು ಶಿವನ ಡಂಗುರ. ಶ್ರವಣಬೆಳಗೊಳದ ಬೆಟ್ಟದಲ್ಲಿ ಈ ತಪ್ಪನ್ನು ಚಾವುಂಡರಾಯನೂ ಮಾಡಿದನಂತೆ. ವಿಗ್ರಹ ಮಾಡಿಸಿದ ಹೆಮ್ಮೆಯಲ್ಲಿ ಹಾಲಿನ ಅಭಿಷೇಕಕ್ಕೆ ನಿಂತರೆ ಕೊಡಕೊಡ ಹಾಲು ಸುರಿದರೂ ಕೆಳಗಿಳಿಯಲಿಲ್ಲ. ಒಬ್ಬ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಗುಟುಕು ಹಾಲು ಪಾದ ಮುಟ್ಟಿ ಹರಿಯಿತು. ಗೊಮ್ಮಟನ ಎದುರಿಗೇ ಆ ಗುಳ್ಳಕಾಯಜ್ಜಿ ನಿಂತಿದ್ದಾಳೆ. 58 ಅಡಿಯ ಮೂರ್ತಿ ನೋಡುವ ಭರದಲ್ಲಿ ಜನ ಅವಳಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಗೀತೆಯ ಹದಿನೆಂಟನೇ ಅಧ್ಯಾಯ ತ್ಯಾಗವನ್ನು ಸಾತ್ವಿಕ, ರಾಜಸ, ತಾಮಸ ಎಂದು ಮೂರಾಗಿ ವಿಂಗಡಿಸುವುದು ನಿಮಗೆ ತಿಳಿದದ್ದೇ. ಮೈಗೆ ನೋವೆಂದು ಕೆಲಸ ಬಿಡುವುದು ರಾಜಸ ತ್ಯಾಗ, ಅದಕ್ಕೆ ಫಲವಿಲ್ಲ ಎಂಬ ಮಾತನ್ನು ಮಾತ್ರ ಜ್ಞಾಪಿಸಿ ಮುಂದೆ ಹೋಗುತ್ತೇನೆ. ಅಟ್ಟದ ಪೇಪರು ಬಿಟ್ಟು ಬಂದ ನನ್ನ ಬಗ್ಗೆಯೇ ಬರೆದ ಹಾಗಿದೆ.

ಈಗ ನಮ್ಮ ಕಾಲ.

‘ಕೆರೆಗೆ ಹಾರ’ ನಾವೆಲ್ಲ ಕೇಳಿ ಬೆಳೆದ ಜನಪದ ಕಥನಗೀತೆ. ಕೆರೆ ಕಟ್ಟಿಸಿದರೂ ನೀರು ಬೀಳಲಿಲ್ಲ, ಜೋಯಿಸ ಹೊತ್ತಿಗೆ ತೆಗೆದ, ಸೊಸೆಯರಲ್ಲಿ ಒಬ್ಬಳನ್ನು ಕೊಡಬೇಕೆಂದ. ದೊಡ್ಡ ಸೊಸೆಯನ್ನು ಕೊಟ್ಟರೆ ಮನೆ ನಡೆಸುವವರಿಲ್ಲ ಎಂದು ಲೆಕ್ಕ ಹಾಕಿ ಕಿರಿಸೊಸೆ ಭಾಗೀರಥಿಯನ್ನು ಆರಿಸಿದರು. ಶುನಃಶೇಪನ ಮನೆಯಲ್ಲಿ ನಡೆದ ಲೆಕ್ಕವೇ, ನೋಡಿ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋಗುತ್ತಾಳೆ, ಗೆಳತಿಯನ್ನು ಕಾಣುತ್ತಾಳೆ, ವಾಪಸು ಬಂದು ಮನೆಗೆಲಸವನ್ನೆಲ್ಲ ಮುಗಿಸಿ, ಕೆರೆಗೆ ಇಳಿಯುತ್ತಾಳೆ. ಅವಳು ತ್ಯಾಗಿ ಎಂದು ನಾವು ಶಾಲೆಯಲ್ಲಿ ಉತ್ತರ ಬರೆದು ಐದಕ್ಕೆ ನಾಲ್ಕೂವರೆ ಅಂಕ ಪಡೆದೆವು. ಹಾಡಿದ ಹೆಂಗಸರು ಅಷ್ಟಕ್ಕೇ ಬಿಡಲಿಲ್ಲ. ಗಂಡನನ್ನು ದಂಡಿನಿಂದ ಕರೆತಂದು ಅದೇ ಕೆರೆಗೆ ಹಾರಿಸಿದರು. ಮನೆಯವರಿಗೆ ಅವರು ಕೊಟ್ಟ ಶಿಕ್ಷೆ ಅದು ಎಂದು ನಾನು ಓದಿಕೊಳ್ಳುತ್ತೇನೆ.

ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಸುಮಾರು 37 ಟಿಎಂಸಿ ನೀರು, 2922 ಅಡಿ ಗರಿಷ್ಠ ಮಟ್ಟ. ಮಳೆಗಾಲದಲ್ಲಿ ಈ ಅಂಕಿಗಳು ನಮಗೆ ದಿನಾ ಪೇಪರಿನಲ್ಲಿ ಸಿಗುತ್ತವೆ. ಹಾಸನ, ಮಂಡ್ಯ, ತುಮಕೂರಿನ ಗದ್ದೆ ತೋಟಗಳಿಗೆ ಆ ನೀರು ಜೀವ. ಅದನ್ನು ಅಲ್ಲಗಳೆಯುವವನು ನಾನಲ್ಲ, ನಮ್ಮ ಮನೆಯ ನಲ್ಲಿಯಲ್ಲೂ ನದಿಯ ನೀರೇ ಬರುವುದು. ಆದರೆ ಹಿನ್ನೀರಿನಲ್ಲಿ ಊರುಗಳಿದ್ದವು. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚಿನ ಕಮಾನುಗಳು ಮಾತ್ರ ಈಗ ನೀರಿನಲ್ಲಿ ನಿಂತಿವೆ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬೆಂಗಳೂರಿನಿಂದ ಜೋಡಿಗಳು ಬರುತ್ತವೆ. ‘ತೇಲುವ ಚರ್ಚು’ ಎಂದು ಅದಕ್ಕೆ ಹೆಸರು. ತೇಲುವುದೇನು, ಅದು ಮುಳುಗಿದ ಊರಿನ ಗುರುತು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1948ರಲ್ಲಿ, ಒಡಿಶಾದ ಹಿರಾಕುಡ್‌ನಲ್ಲಿ ಊರು ಕಳೆದುಕೊಳ್ಳಲಿದ್ದ ಜನರಿಗೆ ನೆಹರೂ, ಕಷ್ಟಪಡಬೇಕಾಗಿ ಬಂದರೆ ದೇಶದ ಹಿತಕ್ಕಾಗಿ ಕಷ್ಟಪಡಿ ಎಂಬರ್ಥದ ಮಾತು ಹೇಳಿದ್ದರು. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಆಗ ಇದ್ದದ್ದು ಬ್ರಿಟಿಷರು ಮಾಡಿದ 1894ರ ಭೂಸ್ವಾಧೀನ ಕಾಯ್ದೆ. ಸಾರ್ವಜನಿಕ ಉದ್ದೇಶ ಎಂದು ಸರ್ಕಾರ ಬರೆದರೆ ಮುಗಿಯಿತು, ಜಮೀನಿನವನು ತಕರಾರು ಹೇಳಬಹುದಿತ್ತು, ಆದರೆ “ನೀನೇನು ಅನ್ನುತ್ತೀ?” ಎಂದು ಅವನ ಒಪ್ಪಿಗೆ ಕೇಳುವ ಕಲಮು ಅದರಲ್ಲಿ ಇರಲಿಲ್ಲ. 2013ರ ಹೊಸ ಕಾಯ್ದೆ ಅದನ್ನು ತಂದಿತು. ಖಾಸಗಿ ಕಂಪನಿಗಾದರೆ ನೂರಕ್ಕೆ ಎಂಬತ್ತು ಕುಟುಂಬ, ಸರ್ಕಾರ ಖಾಸಗಿ ಎರಡೂ ಸೇರಿದ್ದರೆ ಎಪ್ಪತ್ತು ಕುಟುಂಬ ಒಪ್ಪಬೇಕು. ಸರ್ಕಾರ ತಾನೇ ಮಾಡುವ ಯೋಜನೆಗೆ ಮಾತ್ರ ಒಪ್ಪಿಗೆ ಬೇಕಿಲ್ಲ. ಅಂದರೆ ಇಬ್ರಾಹಿಮರ ಪ್ರಶ್ನೆ ನಮ್ಮ ಕಾನೂನಿಗೆ ಬರಲು 2013 ಆಗಬೇಕಾಯಿತು, ಬಂದದ್ದೂ ಅರ್ಧ.

ಇನ್ನೊಂದು ಪದ: ಗೌರವಧನ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ನಾವೆಲ್ಲ ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಕೆಲವರು ತಟ್ಟೆ ಬಡಿದರು. ಮನೆಮನೆಗೆ ಹೋಗಿ ಜ್ವರ ನೋಡುತ್ತಿದ್ದ ಆಶಾ ಕಾರ್ಯಕರ್ತೆಯರು ‘ಯೋಧರು’ ಆದರು, ‘ತ್ಯಾಗಮಯಿ’ಗಳಾದರು. ಅದೇ ವರ್ಷದ ಜುಲೈನಲ್ಲಿ ಅವರು ತಿಂಗಳಿಗೆ ನಿಗದಿತ 12,000 ರೂಪಾಯಿ ಕೊಡಿ ಎಂದು ಕೆಲಸ ನಿಲ್ಲಿಸಿ ಕೂತರು. ಆಗ ಚಪ್ಪಾಳೆ ಕೇಳಿಸಲಿಲ್ಲ. ಕೂಲಿ ಅಂದರೆ ಲೆಕ್ಕ ಕೇಳಬಹುದು, ಸಂಬಳ ಅಂದರೆ ನಿಯಮ ಕೇಳಬಹುದು, ಗೌರವಧನ ಅಂದರೆ ಕೇಳುವವರೇ ಗೌರವಗೆಟ್ಟವರಂತೆ ಕಾಣಬೇಕು. ನೆತ್ತರುಗೊಡಗೆ ಕೊಟ್ಟ ಹಳ್ಳಿಯ ಗೌಡನಿಗೆ ಈ ಜಾಣತನ ಹೊಳೆದಿರಲಿಲ್ಲ.

ಹಾಗಾದರೆ ಇನ್ನೊಬ್ಬರಿಂದ ತ್ಯಾಗವನ್ನು ಕೇಳಲೇಬಾರದೇ? ಕೇಳಬಹುದು. ಇಲ್ಲಿ ಹಿರಿಯರಿದ್ದೀರಿ, 1965 ನೆನಪಿರುತ್ತದೆ. ಯುದ್ಧ, ಬರ, ಅಕ್ಕಿಯಿಲ್ಲ. ಸೋಮವಾರ ರಾತ್ರಿ ಒಂದು ಹೊತ್ತು ಬಿಡಿ ಎಂದು ಲಾಲ್ ಬಹದ್ದೂರ್ ಶಾಸ್ತ್ರಿ ಕೇಳಿದರು. ಮೊದಲು ತಮ್ಮ ಮನೆಯಲ್ಲಿ ಒಲೆ ಹಚ್ಚದೆ ನೋಡಿ, ಮಕ್ಕಳು ತಡೆದುಕೊಂಡರು ಎಂದು ಗೊತ್ತಾದ ಮೇಲೆ ದೇಶಕ್ಕೆ ಹೇಳಿದರಂತೆ. ಯುದ್ಧ ಮುಗಿದ ಮೇಲೂ ಸೋಮವಾರ ರಾತ್ರಿ ಉಣ್ಣದೆ ಉಳಿದವರು ನಮ್ಮ ಬೀದಿಯಲ್ಲೇ ಇಬ್ಬರಿದ್ದರು. ಯಾರೂ ಅವರನ್ನು ಸನ್ಮಾನಿಸಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ. ಕೇಳಿದರೆ “ಅಭ್ಯಾಸ ಆಗೋಗಿದೆ” ಅನ್ನುತ್ತಿದ್ದರು. ನಮ್ಮಜ್ಜಿಯ ‘ಉಳಿದಿರಲಿಲ್ಲ’ಕ್ಕೂ ಇವರ ‘ಅಭ್ಯಾಸ ಆಗೋಗಿದೆ’ಗೂ ದನಿ ಒಂದೇ. ಆದರೆ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ, ಇವರನ್ನು ಒಬ್ಬರು ಕೇಳಿದ್ದರು, ಅದೂ ತಾನು ಹಸಿದು ಕೇಳಿದ್ದರು.

ಇಷ್ಟು ಹೇಳಿ ನಾನು ಕೂತೆ. ಪ್ರಶ್ನೋತ್ತರವಿತ್ತು. ಎರಡು ಮೂರು ಪ್ರಶ್ನೆಗಳು ಗೀತೆಯ ಬಗ್ಗೆ ಬಂದವು, ತಿಳಿದಷ್ಟು ಹೇಳಿದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಎಪ್ಪತ್ತರ ಹತ್ತಿರ ವಯಸ್ಸು, ಹೆಗಲ ಮೇಲೆ ಟವೆಲು. ಮೈಕು ಕೊಟ್ಟರೆ ಬೇಡವೆಂದರು, ದನಿ ಹೇಗೂ ಕೇಳುತ್ತಿತ್ತು.

“ಸ್ವಾಮಿ, ಬಿಟ್ಟಿದ್ದು ಬೇರೆ, ಬಿಡಿಸಿದ್ದು ಬೇರೆ ಅಂದ್ರಿ. ನಮ್ಮೂರೂ ಹಿನ್ನೀರಲ್ಲೇ ಹೋಗಿದ್ದು. ನಮ್ಮಪ್ಪ ಸಾಯೋವರೆಗೂ ‘ಊರು ಬಿಟ್ಟು ಬಂದೆ’ ಅಂತಲೇ ಹೇಳ್ತಿದ್ದ. ‘ನಾಲ್ಕು ಜಿಲ್ಲೆಗೆ ನೀರಾಗ್ಲಿ ಅಂತ ಬಿಟ್ಟೆ’ ಅಂತ ನೆಂಟರ ಮುಂದೆ ಹೇಳೋನು. ಬಿಡಿಸಿದ್ರು ಅಂತ ಒಂದು ದಿನ ಬಾಯಲ್ಲಿ ಬರಲಿಲ್ಲ. ಈಗ ನಾನು ಅವನು ಹೇಳಿದ್ದು ಸುಳ್ಳು ಅನ್ನಲಾ?”

ವೇದಿಕೆಯ ಮೇಲೆ ನನಗೆ ಉತ್ತರ ಹೊಳೆಯಲಿಲ್ಲ, ಹಾಗೆಂದೇ ಹೇಳಿದೆ. ಕಳೆದುಕೊಂಡವನು ತನ್ನ ಬಾಯಿಂದ ‘ಬಿಟ್ಟೆ’ ಅಂದಾಗ ಅದನ್ನು ಕಿತ್ತುಕೊಂಡು ‘ಅಲ್ಲ, ನಿನ್ನಿಂದ ಬಿಡಿಸಿದರು’ ಎಂದು ತಿದ್ದಲು ನಾನು ಯಾರು? ಅಜ್ಜಿಗೆ ಕೊಡಲು ಹೋದ ಪದವನ್ನು ಇವರಪ್ಪನಿಂದ ಕಸಿದುಕೊಳ್ಳಲು ಹೊರಟಂತಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಕಾಫಿ ಕುಡಿಯುತ್ತಾ ಅವರನ್ನು ಹುಡುಕಿ ಮಾತಾಡಿಸಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಮಗ ಬಸ್ಸು ಹಿಡಿದು ಹೋಗುತ್ತಿದ್ದರಂತೆ. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಬಾವಿಯ ಕಟ್ಟೆ ಎಲ್ಲಿತ್ತು, ಹುಣಸೆಮರ ಎಲ್ಲಿತ್ತು ಎಂದು ಹೆಜ್ಜೆ ಹಾಕಿ ಅಳೆಯುತ್ತಿದ್ದರಂತೆ. “ಬಿಟ್ಟು ಬಂದೆ ಅನ್ನೋನು ಅಳೀತಿದ್ದ್ಯಾಕೆ ಅಂತ ನಂಗೂ ಗೊತ್ತಿಲ್ಲ” ಎಂದು ಅವರು ಲೋಟವನ್ನು ಮೇಜಿನ ಮೇಲಿಟ್ಟರು. ಅವರ ಬಸ್ಸಿಗೆ ಹೊತ್ತಾಗಿತ್ತು.